ಅಟ್ಟದ ಮೇಲಿದ್ದ ಹಲಗೆಗಳು

ಹೋದ ತಿಂಗಳು ಬನಶಂಕರಿ ಎರಡನೇ ಹಂತದ ಅಮ್ಮನ ಮನೆಗೆ ಸುಣ್ಣ ಬಣ್ಣ ಮಾಡಿಸೋ ಕೆಲಸ. ಪೇಂಟಿಂಗಿನವರು ಬರೋದರೊಳಗೆ ಅಟ್ಟ ಖಾಲಿ ಮಾಡಬೇಕಿತ್ತು. ದಸರಾ ಗೊಂಬೆಗಳ ಪೆಟ್ಟಿಗೆ, ತಳ ತೂತಾದ ಹಿತ್ತಾಳೆ ಹಂಡೆ, ಅಪ್ಪನ ಕಾಲದ ಟೈಪ್‌ರೈಟರ್ ಎಲ್ಲಾ ಇಳಿದವು. ಕೊನೆಗೆ ಒಂದು ಉದ್ದನೆ ಚೀಲ ಇಳೀತು. ಜಿಪ್ ಎಳೆದ್ರೆ ನನ್ನ ಸ್ಕೀಗಳು! 2012ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಬೇರೆ ಸಾಮಾನಿನ ಜೊತೆ ಹಡಗು ಹತ್ತಿ ಬಂದಿದ್ದವು. ಇಲ್ಲಿ ಉಪಯೋಗವಿಲ್ಲ ಅಂತ ಗೊತ್ತಿದ್ದೂ ಬಿಟ್ಟು ಬರೋಕೆ ಮನಸ್ಸಾಗಿರಲಿಲ್ಲ.

"ಇದೇನೋ ಈ ಹಲಗೆ? ಬಾಗಿಲು ಮಾಡಿಸೋಕೂ ಬರಲ್ಲ" ಅಂದ್ರು ಅಮ್ಮ.

ಹೇಳಲೇಬೇಕಾಯ್ತು. ಕಾಫಿ ಮಾಡಿಕೊಂಡು ಕೂತು ಹೇಳಿದೆ. ನಿಮಗೂ ಹೇಳಿಬಿಡ್ತೀನಿ.

ಆಗ ನಾನು ಸಿಯಾಟಲ್‌ನಲ್ಲಿದ್ದೆ. ಆ ಊರಿನಿಂದ ಎರಡೂವರೆ ಗಂಟೆ ಕಾರಿನ ದಾರಿಯಲ್ಲಿ ಮೌಂಟ್ ರೇನಿಯರ್ ಅಂತ ಒಂದು ಬೆಟ್ಟ. ಬೆಟ್ಟ ಅಲ್ಲ, ಜ್ವಾಲಾಮುಖಿ. ಎತ್ತರ 14,410 ಅಡಿ, ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಹಿಮನದಿಗಳು. ಒಳಗೆ ಬೆಂಕಿ, ಹೊರಗೆ ಮಂಜು. ವಯಸ್ಸು ಬರೀ ಐದು ಲಕ್ಷ ವರ್ಷ. ನಮ್ಮ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಅದರ ಮುಂದೆ ಇದು ನಿನ್ನೆ ಮೊನ್ನೆ ಹುಟ್ಟಿದ ಕೂಸು. ಇಳಿಜಾರಿನಲ್ಲಿ ಜಾರೋದರಲ್ಲಿ ನನ್ನ ಹಿಂದಿನ ಅನುಭವ ಅಂದ್ರೆ ಅದೇ ಲಾಲ್‌ಬಾಗ್ ಬಂಡೆ ಮೇಲೆ ಜಾರಿ ಚಡ್ಡಿ ಹರಿದುಕೊಂಡು ಅಮ್ಮನ ಕೈಲಿ ಏಟು ತಿಂದಿದ್ದು :-)

ಸಿಯಾಟಲ್‌ನಲ್ಲಿ ಎರಡು ಚಳಿಗಾಲ ಸ್ಕೀಯಿಂಗ್ ಕಲಿತೆ. ಕಲಿತೆ ಅನ್ನೋದಕ್ಕಿಂತ ಬಿದ್ದೆ ಅನ್ನಬಹುದು. ಅಲ್ಲೆಲ್ಲಾ ಕುರ್ಚಿಯಲ್ಲಿ ಕೂರಿಸಿ ಮೇಲೆ ಕರೆದುಕೊಂಡು ಹೋಗ್ತಾರೆ, ಇಳಿಯೋದಷ್ಟೇ ನಮ್ಮ ಕೆಲಸ. ರೇನಿಯರ್‌ನಲ್ಲಿ ಹಾಗಿಲ್ಲ. ಕುರ್ಚಿ ಇಲ್ಲ, ಹಗ್ಗ ಇಲ್ಲ, ದಾರಿಗೆ ಬೇಲಿ ಇಲ್ಲ. ಸ್ಕೀ ತಳಕ್ಕೆ 'ಸ್ಕಿನ್' ಅನ್ನೋ ಪಟ್ಟಿ ಅಂಟಿಸಿಕೊಂಡು ನಾವೇ ಹತ್ತಬೇಕು. ಆ ಪಟ್ಟಿಯಲ್ಲಿ ಸಣ್ಣ ಸಣ್ಣ ಕೂದಲು, ಎಲ್ಲಾ ಹಿಂದಕ್ಕೆ ಮಲಗಿರ್ತವೆ. ಹಸುವಿನ ಮೈ ಸವರಿದ್ದು ನೆನಪಿಸಿಕೊಳ್ಳಿ, ಒಂದು ಕಡೆಗೆ ನುಣುಪು, ಎದುರು ಸವರಿದ್ರೆ ಒರಟು. ಹಾಗೇ ಸ್ಕೀ ಮುಂದಕ್ಕೆ ಜಾರುತ್ತೆ, ಹಿಂದಕ್ಕೆ ಜಾರಲ್ಲ. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನೇ ಕಟ್ಟುತ್ತಿದ್ದರಂತೆ, ಆ ಹೆಸರು ಉಳಿದಿದೆ. ಹತ್ತುವಾಗ ಹಿಮ್ಮಡಿ ಬಿಚ್ಚಿಕೊಂಡಿರುತ್ತೆ, ಇಳಿಯುವಾಗ ಪಟ್ಟಿ ಕಿತ್ತು ಹಿಮ್ಮಡಿ ಲಾಕ್ ಮಾಡಬೇಕು.

2009ರ ಜೂನ್ ತಿಂಗಳ ಒಂದು ಶನಿವಾರ. ನಾನು ಮತ್ತು ಮಂಡ್ಯದ ಕಡೆಯ ಒಬ್ಬ ಸಹೋದ್ಯೋಗಿ, ಇಬ್ಬರೇ. 5,400 ಅಡಿಯಲ್ಲಿರೋ ಪ್ಯಾರಡೈಸ್ ಅನ್ನೋ ಜಾಗದಿಂದ 10,188 ಅಡಿಯ ಕ್ಯಾಂಪ್ ಮ್ಯೂರ್‌ವರೆಗೆ ಹತ್ತೋದು, ಸ್ಕೀ ಮೇಲೆ ಇಳಿಯೋದು. ತುದಿಗೆ ಹೋಗೋ ಧೈರ್ಯ ನಮಗಿರಲಿಲ್ಲ. ಆದ್ರೂ ಲೆಕ್ಕ ಹಾಕಿ, ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕ್ಯಾಂಪ್ ಮ್ಯೂರ್ 3,100 ಮೀಟರ್ ದಾಟುತ್ತೆ.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ನನ್ನ ಗೆಳೆಯ ಅರ್ಧ ಅರ್ಧ ಗಂಟೆಗೆ ನಿಂತು ಕೈಯಲ್ಲಿದ್ದ ಜಿಪಿಎಸ್‌ನಲ್ಲಿ ಗುರುತು ಹಾಕ್ತಿದ್ದ. ರೇಂಜರ್ ಆಫೀಸಿನಲ್ಲಿ ದಿಕ್ಕಿನ ಡಿಗ್ರಿಗಳಿದ್ದ ಒಂದು ಹಾಳೆಯನ್ನೂ ಕೇಳಿ ಇಸ್ಕೊಂಡಿದ್ದ. ನಾನು ನಗಾಡಿದ್ದೆ. "ಸರ್ವೆ ಇಲಾಖೆ ಸೇರಬೇಕಿತ್ತು ಕಣೋ ನೀನು" ಅಂತ. ಕಣ್ಣ ಮುಂದೆ ನೂರಾರು ಹೆಜ್ಜೆ ಗುರುತು, ತಪ್ಪಿಸಿಕೊಳ್ಳೋದು ಹೇಗೆ?

ಮೇಲೆ ಕಲ್ಲಿನ ಗುಡಿಸಲುಗಳ ಹತ್ತಿರ ಕೂತು ಚಪಾತಿ ತಿಂದೆವು. ದಕ್ಷಿಣಕ್ಕೆ ಆಡಮ್ಸ್, ಹುಡ್, ಸೇಂಟ್ ಹೆಲೆನ್ಸ್ ಎಲ್ಲಾ ಕಾಣ್ತಿದ್ದವು. 1980ರ ಮೇ 18ರಂದು ಸಿಡಿದು 57 ಜನರನ್ನು ಬಲಿ ತಗೊಂಡ ಸೇಂಟ್ ಹೆಲೆನ್ಸ್ ತಲೆ ಇಲ್ಲದ ದೇವರ ಹಾಗೆ ಕೂತಿತ್ತು. ಬಿಸಿಲಿಗೆ ಕರಗಿ ರಾತ್ರಿ ಗಟ್ಟಿಯಾದ ಮಂಜು ಆ ತಿಂಗಳಲ್ಲಿ ಸಬ್ಬಕ್ಕಿ ಥರ ಕಾಳು ಕಾಳಾಗುತ್ತೆ. ಬೇಗ ಇಳಿದ್ರೆ ಗಾಜು, ತಡ ಮಾಡಿದ್ರೆ ಗಂಜಿ. ನಡುವಿನ ಎರಡು ಗಂಟೆ ಮಾತ್ರ ಹದ. ಆ ಹದಕ್ಕೆ ಕಾಯ್ತಾ ಕೂತೆವು.

ಅಷ್ಟರಲ್ಲಿ ಮೋಡ ಕೆಳಗಿನಿಂದ ಎದ್ದು ಬಂತು. ಹತ್ತು ನಿಮಿಷ ಇಳಿಯೋದ್ರೊಳಗೆ ಎಲ್ಲಾ ಬಿಳಿ. ನೆಲ ಬಿಳಿ, ಆಕಾಶ ಬಿಳಿ, ನಡುವೆ ಗೆರೆಯೇ ಇಲ್ಲ. ಹಾಲಿನ ಪಾತ್ರೆಯೊಳಗೆ ನಿಂತ ಹಾಗೆ. ನಿಂತಿದ್ದೀನಾ ಚಲಿಸ್ತಿದ್ದೀನಾ ಅಂತಲೂ ಗೊತ್ತಾಗ್ತಿರಲಿಲ್ಲ.

ಇಳಿಯುವಾಗ ಬಲಕ್ಕೆ ನಿಸ್ಕ್ವಾಲಿ ಹಿಮನದಿ, ಅದರ ತುಂಬಾ ಬಿರುಕುಗಳು ಅಂತ ಓದಿಕೊಂಡಿದ್ದೆ. ಅದಕ್ಕೇ ನಾನು ಸ್ವಲ್ಪ ಸ್ವಲ್ಪ ಎಡಕ್ಕೇ ಹೋದೆ. ಮಂಜು ಎಷ್ಟು ಚೆನ್ನಾಗಿತ್ತು ಅಂದ್ರೆ, ಒಂದು ಹೆಜ್ಜೆ ಗುರುತೂ ಇಲ್ಲ! ಖುಷಿಯಾಯ್ತು ನನಗೆ. ಬೆಳಿಗ್ಗೆ ನೂರಾರು ಜನ ಹತ್ತಿದ ದಾರಿಯಲ್ಲಿ ಹೆಜ್ಜೆ ಗುರುತೇ ಇಲ್ಲ ಅಂದ್ರೆ ಏನರ್ಥ ಅಂತ ಹೊಳೀಲೇ ಇಲ್ಲ.

"ಲೇ, ನಿಂತ್ಕಳ್ಲಾ!" ಹಿಂದಿನಿಂದ ಕೂಗಿದ.

"ಸರಿಯಾಗೇ ಇದೆ ಬಾರೋ" ಅಂದೆ.

"ಸರಿ ಇಲ್ಲ ಕಣ್ಲಾ, ಗುರ್ತೆಲ್ಲಾ ಬಲ್ಗಡೆ ಐತೆ. ಒಂದ್ ಹೆಜ್ಜೆ ಮುಂದಿಟ್ರೆ ಒದೀತೀನಿ."

ಸಿಟ್ಟು ಬಂದೇ ನಿಂತೆ. ಐದು ನಿಮಿಷ ಕಳೆದಿರಬಹುದು, ಮೋಡ ಒಂದೇ ಒಂದು ಸಲ ಹರೀತು. ನಾನು ನಿಂತ ಜಾಗದಿಂದ ಐವತ್ತು ಅಡಿ ಕೆಳಗೆ ಒಂದು ನೀಲಿ ಗೆರೆ. ಆ ಕೊನೆಯಿಂದ ಈ ಕೊನೆಗೆ, ಕತ್ತಿಯಲ್ಲಿ ಸೀಳಿದ ಹಾಗೆ. ಮತ್ತೆ ಮೋಡ ಮುಚ್ಚಿಕೊಳ್ತು. ನಿಸ್ಕ್ವಾಲಿಗೆ ಹೆದರಿ ಎಡಕ್ಕೆ ಸರಿದು ಸರಿದು, ಎಡಗಡೆಯಿದ್ದ ಪ್ಯಾರಡೈಸ್ ಹಿಮನದಿಗೆ ಇಳಿದುಬಿಟ್ಟಿದ್ದೆ. ನಮ್ಮ ಹತ್ತಿರ ಹಗ್ಗ ಕೂಡ ಇರಲಿಲ್ಲ.

ಮತ್ತೆ ಸ್ಕಿನ್ ಅಂಟಿಸಿ ವಾಪಸ್ ಹತ್ತಿದೆವು. ಆಮೇಲೆ ಕಾಣುವಷ್ಟು ದೂರ ಒಬ್ಬ ಹೋಗಿ ನಿಲ್ಲೋದು, ಇನ್ನೊಬ್ಬ ಕಂಪಾಸ್ ನೋಡಿ ಎಡಕ್ಕೆ ಬಲಕ್ಕೆ ಅಂತ ಕೂಗೋದು. ಮುಕ್ಕಾಲು ಗಂಟೆಯ ದಾರಿಗೆ ಮೂರೂವರೆ ಗಂಟೆ. ರಾತ್ರಿ ಮನೆ ಸೇರಿದಾಗ ಇಲ್ಲಿ ಭಾನುವಾರ ಬೆಳಿಗ್ಗೆ. ಫೋನ್ ಮಾಡಿದೆ.

"ಏನ್ ಮಾಡ್ದೆ ಇವತ್ತು?" ಅಂತ ಅಮ್ಮ ಕೇಳಿದ್ರು.

"ಏನಿಲ್ಲಮ್ಮ, ಬಟ್ಟೆ ಒಗೆದು ಮಲಗಿದ್ದೆ" ಅಂದೆ.

ಈ ಸುಳ್ಳು ಒಂದೇ ಆಗಿದ್ರೆ ಬರೀತಿರಲಿಲ್ಲ. ಇನ್ನೊಂದಿದೆ. ಆಫೀಸಿನಲ್ಲಿ, ಮದುವೆಮನೆಯಲ್ಲಿ ಈ ಕಥೆ ಎಷ್ಟೋ ಸಲ ಹೇಳಿದ್ದೀನಿ. ಪ್ರತಿ ಸಲವೂ "ಯಾಕೋ ಸರಿ ಇಲ್ಲ ಅನ್ನಿಸ್ತು, ನಿಂತೆವು" ಅಂತಲೇ ಹೇಳಿದ್ದು. ನಿಂತೆವು! ಹೇಳ್ತಾ ಹೇಳ್ತಾ ನಾನೂ ನಂಬಿಬಿಟ್ಟಿದ್ದೆ. ಮೊನ್ನೆ ಅಮ್ಮನಿಗೆ ಹೇಳುವಾಗ ಮಾತ್ರ ನಡೆದದ್ದು ನಡೆದ ಹಾಗೇ ಬಂತು. ಯಾಕೋ ಗೊತ್ತಿಲ್ಲ.

ಅಮ್ಮ ಬೈಯ್ಯಲಿಲ್ಲ. ಲೋಟ ತೆಗೆದುಕೊಂಡು ಎದ್ದವರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ರು, "ಆ ಹುಡುಗನ್ನ ಒಂದ್ ದಿನಾನಾದ್ರೂ ಊಟಕ್ಕೆ ಕರೆದಿದ್ಯೇನೋ?"

ಕರೆದಿರಲಿಲ್ಲ. ಅವನೂ ಭಾರತಕ್ಕೆ ವಾಪಸ್ ಬಂದು ವರ್ಷಗಳಾಗಿವೆ, ಮೈಸೂರಿನಲ್ಲಿದ್ದಾನೆ. ಹಬ್ಬಕ್ಕೊಂದು ಮೆಸೇಜ್ ಬಿಟ್ರೆ ಮಾತಿಲ್ಲ. ಅಂದೇ ಸಂಜೆ ಫೋನ್ ಮಾಡಿ, ಆವತ್ತು ನೀನು ಕೂಗದಿದ್ರೆ ಅಂತ ಶುರು ಮಾಡಿದೆ. ಅವನು ನಕ್ಕ.

"ನಂಗೇನ್ ಗೊತ್ತಿತ್ಲಾ? ಭಯ ಆಗಿತ್ತು, ಅದ್ಕೇ ಅದನ್ನ ತೆಗ್ದ್ ನೋಡ್ದೆ. ನಿಂಗೆ ಭಯಾನೇ ಆಗ್ಲಿಲ್ವಲ್ಲ, ನೀನ್ಯಾಕ್ ನೋಡ್ತೀಯ?"

ಅಷ್ಟೇ. ಈ ಮಾತು ಆವತ್ತಿನಿಂದ ತಲೆಯಲ್ಲಿ ಕೂತಿದೆ. ಗಾಡಿ ಓಡಿಸುವಾಗ, ಆಫೀಸಿನಲ್ಲಿ ವಾದ ಮಾಡುವಾಗ, "ನನಗೆ ಗೊತ್ತು" ಅನ್ನೋ ಮಾತು ಬಾಯಿಗೆ ಬಂದಾಗೆಲ್ಲಾ ಆ ಹೆಜ್ಜೆ ಗುರುತಿಲ್ಲದ ಚೆಂದದ ಮಂಜು ಕಣ್ಣ ಮುಂದೆ ಬರುತ್ತೆ.

ಬರೋ ಭಾನುವಾರ ಅವನು ಊಟಕ್ಕೆ ಬರ್ತಿದ್ದಾನೆ, ಹೆಂಡತಿ ಮಕ್ಕಳ ಜೊತೆ. ಅಮ್ಮ ಹೋಳಿಗೆ ಮಾಡ್ತೀನಿ ಅಂದಿದ್ದಾರೆ. ಗೋಡೆಗೆ ಬಣ್ಣ ಆಯ್ತು, ಹಂಡೆ, ಗೊಂಬೆ ಎಲ್ಲಾ ಅಟ್ಟ ಹತ್ತಿದವು. ಹಲಗೆಗಳು ಮಾತ್ರ ಇನ್ನೂ ಬಾಗಿಲ ಹಿಂದೆ ನಿಂತಿವೆ. ಬೆಂಗಳೂರಿನಲ್ಲಿ ಇವನ್ನೇನು ಮಾಡಬಹುದು, ನಿಮಗೇನಾದ್ರೂ ಹೊಳೆದ್ರೆ ಹೇಳಿ.