ಹಾಲುರಾಮೇಶ್ವರದಿಂದ ಬನ್ನೇರುಘಟ್ಟ ರಸ್ತೆಗೆ

ಹೊಸದುರ್ಗ ಪಟ್ಟಣದಿಂದ ಹತ್ತು-ಹನ್ನೆರಡು ಕಿಲೋಮೀಟರ್ ಸಾಗಿದರೆ ಹಾಲುರಾಮೇಶ್ವರ ಸಿಗುತ್ತದೆ. ನೀವು ಚಿತ್ರದುರ್ಗ ಜಿಲ್ಲೆಯವರಾಗಿದ್ದರೆ ಈ ಹೆಸರನ್ನು ಕೇಳಿಯೇ ಇರುತ್ತೀರಿ. ದಾರಿಯುದ್ದಕ್ಕೂ ತೆಂಗಿನ ತೋಟಗಳು, ರಾಗಿ ಹೊಲಗಳು. ಊರಿನಲ್ಲಿ ರಾಮೇಶ್ವರ ದೇವಸ್ಥಾನ, ಅದರ ಬಳಿ ಒಂದು ಕೊಳ. ಮನಸ್ಸಿನಲ್ಲಿ ಏನನ್ನಾದರೂ ನೆನೆದು ಕೊಳದ ಮುಂದೆ ಕುಳಿತರೆ ನೀರಿನಿಂದ ಪ್ರಸಾದ ಮೇಲೆ ಬರುತ್ತದೆ ಎಂಬುದು ಅಲ್ಲಿಗೆ ಬರುವ ಭಕ್ತರ ನಂಬಿಕೆ. ಹಾಗಾಗಿ ದೂರದ ಊರುಗಳಿಂದಲೂ ಜನ ಬರುತ್ತಾರೆ.

ಅವರ ನಂಬಿಕೆ ಅವರದು. ನಾವು ಇಲ್ಲಿ ನೋಡಬೇಕಾದುದು ಜನ ಸೇರುವ ಕಡೆ ನಡೆಯುವ ಒಂದು ಸಣ್ಣ ವ್ಯಾಪಾರವನ್ನು. ಇಂತಹ ಊರಲ್ಲಿ ಹೂವು ಮಾರುವ ಒಬ್ಬಾಕೆ ಇದ್ದಾಳೆಂದು ಇಟ್ಟುಕೊಳ್ಳಿ. ಒಂದು ಮಾರು ಹೂವನ್ನು 30 ರೂಪಾಯಿಗೆ ತಂದು 50ಕ್ಕೆ ಮಾರುತ್ತಾಳೆ. ಮಾರಿದರೆ 20 ರೂಪಾಯಿ ಲಾಭ. ಉಳಿದರೆ ಮರುದಿನಕ್ಕೆ ಬಾಡುತ್ತದೆ, 30 ರೂಪಾಯಿ ನಷ್ಟ. ಇವತ್ತು ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು? ಹಾಗಾದರೆ ಬೆಳಿಗ್ಗೆ ಎಷ್ಟು ಮಾರು ತರಬೇಕು?

ಸಹೋದರಿಯರೇ, ಇದೇ ಪ್ರಶ್ನೆಯನ್ನು ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜುಗಳ ಎಂಬಿಎ ತರಗತಿಯಲ್ಲಿ ಕಲಿಸುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಲ್ಲಿ ಇದಕ್ಕೆ ದಿನಪತ್ರಿಕೆ ಮಾರುವವನ ಲೆಕ್ಕ ಎಂದು ಹೆಸರು, ಏಕೆಂದರೆ ಪತ್ರಿಕೆಯೂ ಮರುದಿನ ರದ್ದಿಯೇ. ಉತ್ತರ ಹೀಗಿದೆ: ಲಾಭವನ್ನು ಲಾಭ-ನಷ್ಟಗಳ ಮೊತ್ತದಿಂದ ಭಾಗಿಸಬೇಕು. 20ನ್ನು 50ರಿಂದ ಭಾಗಿಸಿದರೆ ನೂರಕ್ಕೆ 40. ಅಂದರೆ ಹತ್ತು ದಿನಗಳಲ್ಲಿ ನಾಲ್ಕು ದಿನ ಮಾತ್ರ ಕೇಳಿದವರಿಗೆಲ್ಲ ಸಾಕಾಗುವಷ್ಟು, ಉಳಿದ ಆರು ದಿನ ಬೇಗ ಖಾಲಿಯಾಗುವಷ್ಟು ಹೂವು ತಂದರೆ ಒಟ್ಟಿನಲ್ಲಿ ಲಾಭ ಹೆಚ್ಚು. ತೆಂಗಿನಕಾಯಿ ಬೇಗ ಕೆಡುವುದಿಲ್ಲ, ಉಳಿದರೆ ನಷ್ಟ ಕಡಿಮೆ. ಆದ್ದರಿಂದ ಅದನ್ನು ಧೈರ್ಯವಾಗಿ ಹೆಚ್ಚು ತರಬಹುದು. ಸೂತ್ರ ಗೊತ್ತಿಲ್ಲದೆಯೂ ಹೂವಿನಾಕೆ ಹೂವನ್ನು ಕೈಬಿಗಿಹಿಡಿದು, ಕಾಯಿಯನ್ನು ಧಾರಾಳವಾಗಿ ತರುತ್ತಾಳೆ. ಮ್ಯಾನೇಜ್‌ಮೆಂಟ್ ಎಂಬುದು ನಮಗೆ ಸಂಬಂಧವಿಲ್ಲದ ವಿದ್ಯೆ ಎಂದು ಭಾವಿಸುವವರು ಇದನ್ನೊಮ್ಮೆ ಯೋಚಿಸಬೇಕು.

ಈಗ ಆ ತರಗತಿ ಇರುವ ಕಡೆಗೆ ಪ್ರಯಾಣ ಮಾಡೋಣ. ಹೊಸದುರ್ಗದಿಂದ ಹಿರಿಯೂರಿನ ದಾರಿಯಲ್ಲಿ ವಾಣಿವಿಲಾಸ ಸಾಗರವಿದೆ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮನೆ ನಡೆಸುವ ಹೆಂಗಸರಿಗೆ ಇದ್ದುದರಲ್ಲಿ ಹೊಂದಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯೂರಿನಲ್ಲಿ ಹೆದ್ದಾರಿ ಹಿಡಿದು ಶಿರಾ, ತುಮಕೂರು ದಾಟಿದರೆ ಬೆಂಗಳೂರು. ಅಲ್ಲಿ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿದೆ ಐಐಎಂ, ಅಂದರೆ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ.

1973ರಲ್ಲಿ ಆರಂಭವಾದ ಈ ಸಂಸ್ಥೆಯ ಕಟ್ಟಡಗಳನ್ನು ರೂಪಿಸಿದವರು ಬಾಲಕೃಷ್ಣ ದೋಶಿ. ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ಅವರು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು. ಒಳಗೆ ಹೋದರೆ ಒರಟು ಬೂದುಗಲ್ಲಿನ ಗೋಡೆಗಳು, ಉದ್ದುದ್ದ ಮೊಗಸಾಲೆಗಳು, ಬಳ್ಳಿಗಳ ನಡುವೆ ಇಳಿಯುವ ಬಿಸಿಲು, ಒಂದರ ಪಕ್ಕ ಒಂದು ಅಂಗಳ. ಅಕ್ಬರನ ಫತೇಪುರ್ ಸಿಕ್ರಿಯ ಅಂಗಳಗಳಿಂದ ದೋಶಿಯವರು ಸ್ಫೂರ್ತಿ ಪಡೆದಿದ್ದರು. ಪಾಠ ಕೋಣೆಯಲ್ಲಷ್ಟೇ ಅಲ್ಲ, ನಡೆದಾಡುವ ದಾರಿಯಲ್ಲೂ ನಡೆಯಬೇಕು ಎಂಬುದು ಅದರ ಹಿಂದಿನ ಆಲೋಚನೆ.

ಎಂಬಿಎ ಎರಡು ವರ್ಷದ ಓದು, ವಾಸವೂ ಅಲ್ಲೇ. ಮೊದಲ ವರ್ಷ ಲೆಕ್ಕಪತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ, ಉತ್ಪಾದನೆ ಮುಂತಾದವನ್ನು ಎಲ್ಲರೂ ಓದಬೇಕು. ನಡುವಿನ ಬೇಸಿಗೆಯಲ್ಲಿ ಯಾವುದಾದರೂ ಕಂಪೆನಿಯಲ್ಲಿ ತರಬೇತಿ. ಎರಡನೆಯ ವರ್ಷ ತಮಗೆ ಬೇಕಾದ ವಿಷಯಗಳ ಆಯ್ಕೆ. ಒಂದು ಸಂಸ್ಥೆಗೆ ನಿಜವಾಗಿ ಎದುರಾದ ಕಷ್ಟವನ್ನು ಮುಂದಿಟ್ಟು 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ಕೇಳುವುದು ಇಲ್ಲಿನ ಪಾಠದ ಒಂದು ಮುಖ್ಯ ಕ್ರಮ. ಸುಮ್ಮನೆ ಕುಳಿತು ಬರೆದುಕೊಳ್ಳುವವರಿಗೆ ಇದು ಕಷ್ಟ. ಬಾಯಿಬಿಟ್ಟು ಮಾತನಾಡಲೇಬೇಕು.

ಇಲ್ಲಿಗೆ ಸೇರಲು ಕ್ಯಾಟ್ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅರ್ಜಿ, ನವೆಂಬರ್ ಕೊನೆಯಲ್ಲಿ ಪರೀಕ್ಷೆ. ಬಿಎ, ಬಿಕಾಂ, ಬಿಎಸ್‌ಸಿ ಯಾವ ಪದವಿಯಾದರೂ ಆಗುತ್ತದೆ. ಸಾಮಾನ್ಯವಾಗಿ ಶೇಕಡಾ 50 ಅಂಕ ಬೇಕು. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ, ಗಣಿತ ಇವು ಮೂರು ಭಾಗ. ಕನ್ನಡ ಅಥವಾ ಉರ್ದು ಮಾಧ್ಯಮದ ಹುಡುಗಿಗೆ ಮೊದಲನೆಯದೇ ದೊಡ್ಡ ಬೆಟ್ಟ. ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿದರೆ ಆ ಬೆಟ್ಟ ತಗ್ಗುತ್ತದೆ.

ತಾಯಂದಿರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ. ಬೆಂಗಳೂರಿನ ಐಐಎಂ ಕ್ಯಾಟ್ ಅಂಕ ಮಾತ್ರ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಅಂಕಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಪದವಿ ಮುಗಿದ ಮೇಲೆ ನೋಡೋಣ ಎಂದರೆ ಅಷ್ಟರಲ್ಲಿ ಅರ್ಧ ಲೆಕ್ಕ ಮುಗಿದಿರುತ್ತದೆ. ಮೀಸಲಾತಿಯ ವಿಷಯದಲ್ಲೂ ಎಚ್ಚರ ಬೇಕು. ರಾಜ್ಯದ 2ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮ್ಮ ಎಲ್ಲ ಪಂಗಡಗಳೂ ಅದರಲ್ಲಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಇನ್ನು ಶುಲ್ಕ. ಎರಡು ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮೇಲೆ! ಈ ಅಂಕಿ ಕೇಳಿದೊಡನೆ ಹೆಚ್ಚಿನ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಬ್ಯಾಂಕ್ ಸಾಲವೆಂದರೆ ಬಡ್ಡಿ. ಬಡ್ಡಿಯಿಂದ ದೂರವಿರಬಯಸುವ ಕುಟುಂಬಕ್ಕೆ ಇದು ನಿಜವಾದ ಸಂಕಟ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮನೆಯ ಆದಾಯ ನೋಡಿ ಸಂಸ್ಥೆಯೇ ಆರ್ಥಿಕ ನೆರವು ಕೊಡುತ್ತದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಯಾವ ಯೋಜನೆಗಳಿವೆ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಬಹುದು. ಮದುವೆಗೆ ಒಟ್ಟಾಗಿ ಕೈಜೋಡಿಸುವ ಬಂಧುಗಳು, ಜಮಾಅತಿನ ಹಿರಿಯರು ಒಬ್ಬ ಹುಡುಗಿಯ ಓದಿಗೆ ಬಡ್ಡಿಯಿಲ್ಲದ ಸಾಲ ಕೊಡಲು ಕೈಜೋಡಿಸಬಾರದೇಕೆ? ಓದು ಮುಗಿಸಿ ದುಡಿಯತೊಡಗಿದಾಗ ಆಕೆ ಅದನ್ನು ತೀರಿಸಬಲ್ಲಳು.

ಹುಡುಗಿಯನ್ನು ದೂರದ ಹಾಸ್ಟೆಲಿಗೆ ಕಳಿಸುವುದು ಹೇಗೆ ಎಂಬ ಚಿಂತೆಯೂ ಸಹಜವೇ. ನೆರೆಯ ಕೇರಳದ ಕೋಝಿಕೋಡ್ ಐಐಎಂನಲ್ಲಿ 2013ರಲ್ಲಿ ಸೇರಿದ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿನಿಯರಿದ್ದರು. ಅವರಿಗೂ ಇಂಥ ಚಿಂತೆಯ ಮನೆಗಳು ಇದ್ದಿರಲೇಬೇಕು. ಒಮ್ಮೆ ತಂದೆ-ತಾಯಿ ಮಗಳೊಂದಿಗೆ ಹೋಗಿ ಆ ಅಂಗಳಗಳನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು. ಕಾಣದ ಊರಿನ ಭಯ ಕಂಡ ಮೇಲೆ ಇರುವುದಿಲ್ಲ.

ಮನೆ ಬಿಟ್ಟು ಹೋಗಲಾಗದ ಗೃಹಿಣಿಯರಿಗೂ ದಾರಿಯಿದೆ. ಕೇಂದ್ರ ಸರಕಾರದ 'ಸ್ವಯಂ' ಜಾಲತಾಣದಲ್ಲಿ ಬೆಂಗಳೂರು ಐಐಎಂನ ಅಧ್ಯಾಪಕರ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಶುಲ್ಕ. ಹೊಲಿಗೆ, ಉಪ್ಪಿನಕಾಯಿ, ಬಟ್ಟೆ ವ್ಯಾಪಾರ ಮಾಡುವವರಿಗೆ ಇದು ತುಂಬ ಉಪಯುಕ್ತ.

ನಿಮ್ಮ ಮನೆಯಲ್ಲಿ ಒಂಬತ್ತು, ಹತ್ತನೇ ತರಗತಿಯಲ್ಲಿ ಓದುವ ಹುಡುಗಿ ಇದ್ದಾಳೆಯೇ? ಸಾಮಾನು ತರಲು ಕೊಟ್ಟ ದುಡ್ಡಿನಲ್ಲಿ ಉಳಿಸಿ, ಯಾವ ಅಂಗಡಿಯಲ್ಲಿ ಯಾವುದು ಅಗ್ಗ ಎಂದು ಹೇಳುವವಳೇ? ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳ ಮುಂದೆ ಈ ಹೂವಿನ ಲೆಕ್ಕ ಇಟ್ಟು ನೋಡಿ. ಅವಳ ತಂದೆಯೂ ಜೊತೆಗಿರಲಿ.