ಹಿಂದಿನ ಸೀಟು

ಅಪ್ಪ ಹೋದ ಮೇಲೆ ಅವರ ಯೆಜ್ಡಿ ರೋಡ್‌ಕಿಂಗ್ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ನಮ್ಮ ಮೈಸೂರಲ್ಲೇ ಹುಟ್ಟಿದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಬಿಡಿಭಾಗ ಹುಡುಕೋದೇ ಒಂದು ತಪಸ್ಸು.

"ಇದನ್ನ ಬಾಬರ್ ಮಾಡ್ತೀನಮ್ಮ" ಅಂದೆ.

"ಯಾವ ಬಾಬರ್ನೋ? ಪಾಣಿಪತ್ತಿನವನಾ?"

ಮೋಟು ಮಡ್‌ಗಾರ್ಡು, ತಗ್ಗಿನಲ್ಲಿ ಒಂಟಿ ಸೀಟು, ಬೇಡದ್ದೆಲ್ಲ ಕಳಚಿದ ಬೈಕು ಅಂತ ವಿವರಿಸಿದೆ. ಅಮ್ಮ ಸುಮ್ಮನಾದಳು.

ಭಾನುವಾರ ಕಾರ್ಬ್ಯುರೇಟರ್ ತೊಳೆದು, ಸೀಟು ಬಿಚ್ಚಿಟ್ಟು, ಚಾಸಿಯ ಹಿಂಭಾಗ ಕತ್ತರಿಸಲು ಗ್ರೈಂಡರ್ ಹಿಡಿದೆ. ಕಾಫಿ ತಂದ ಅಮ್ಮ ಆ ಹರಿದ ಸೀಟು ಸವರಿದಳು. "ನಿನ್ನ ಹೆರೋಕೆ ಆಸ್ಪತ್ರೆಗೆ ಹೋಗಿದ್ದು ಇದರ ಮೇಲೇನೇ. ಇನ್ಮೇಲೆ ನಾನೆಲ್ಲಿ ಕೂರ್ಲಿ?"

ಗ್ರೈಂಡರ್ ಪ್ಲಗ್ ಕಿತ್ತೆ.

ಗಾಡಿಯ ಮೂಲರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಹೇಳುತ್ತೆ. ಆದರೆ ಅವತ್ತು ನನ್ನನ್ನು ತಡೆದದ್ದು ಕಾನೂನಲ್ಲ.

ಚಾಸಿ ಮುಟ್ಟಲಿಲ್ಲ. ಗುಜರಿಯಿಂದ ಇನ್ನೊಂದು ಮಡ್‌ಗಾರ್ಡ್ ತಂದು ಅದನ್ನು ಮೋಟು ಮಾಡಿದೆ. ಒಂಟಿ ಸೀಟನ್ನು ಹಳೇ ಬೋಲ್ಟಿನ ತೂತುಗಳಿಗೇ ಕೂರಿಸಿದೆ. ಅಪ್ಪನ ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದೆ. ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆದೆ. ಏಳನೆಯದಕ್ಕೆ ಜೋಡಿ ಸೈಲೆನ್ಸರ್ ಹೊಗೆಯುಗುಳಿತು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು "ಹೊಗೆ" ಅಂದಳು.

ಸೀಟು ಬದಲಿಸೋಕೆ ಅರ್ಧ ಗಂಟೆ ಸಾಕು. ಭಾನುವಾರ ಒಂಟಿ ಸೀಟು, ನನಗೆ. ಶುಕ್ರವಾರ ಉದ್ದನೇ ಸೀಟು. ಅಮ್ಮ ಹೆಲ್ಮೆಟ್ ಹಾಕಿಕೊಂಡು ಚಾಮುಂಡಿ ಬೆಟ್ಟಕ್ಕೆ ರೆಡಿ.