ಎರಡನೇ ಡಿಕಾಕ್ಷನ್

ಕಾಫಿ ಫಿಲ್ಟರ್ ಕೊಳ್ಳುವಾಗ ಹಿತ್ತಾಳೆಯದೋ ಸ್ಟೀಲಿನದೋ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಹಿತ್ತಾಳೆ ನೋಡಲು ಚೆಂದ, ಆದರೆ ಆಗಾಗ ಕಲಾಯಿ ಹಾಕಿಸುತ್ತಿರಬೇಕು. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ನಮ್ಮ ಡೊಂಬಿವಲಿಯ ಸಂಸಾರಗಳಿಗೆ ಸ್ಟೀಲೇ ಸಾಕು. ನೋಡಬೇಕಾದದ್ದು ತೂತುಗಳನ್ನು. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿಯಿರಿ. ತೂತುಗಳು ಸಣ್ಣಗೆ, ಒಂದೇ ಸಮನಾಗಿರಬೇಕು.

ನಾನು ಪುಡಿ ತರುವುದು ಮಾಟುಂಗಾದಿಂದ. ಕಣ್ಣೆದುರೇ ಬೀಜ ಪುಡಿ ಮಾಡಿ ಕೊಡುತ್ತಾರೆ. ಚಿಕೋರಿ ಎಷ್ಟು ಎಂದು ಕೇಳಿಯೇ ತರಬೇಕು. ಕಾನೂನು ನೂರಕ್ಕೆ 49 ಭಾಗದವರೆಗೆ ಬಿಡುತ್ತದೆ. ಚಿಕೋರಿ ಹೆಚ್ಚಾದಷ್ಟೂ ಅದು ನೀರು ಹಿಡಿದುಕೊಳ್ಳುತ್ತದೆ, ಹನಿ ನಿಧಾನವಾಗುತ್ತದೆ.

ಫಿಲ್ಟರಿನ ಜೊತೆ ಕೊಡೆಯಂಥ ಒಂದು ಬಿಲ್ಲೆ ಬರುತ್ತದೆ. ಅದನ್ನು ಡ್ರಾಯರಿಗೆ ಹಾಕಿ ಮರೆಯಬೇಡಿ. ನೀರು ಒಂದೇ ಕಡೆ ಬಿದ್ದರೆ ಪುಡಿಯಲ್ಲಿ ಕಾಲುವೆ ಕೊರೆದುಕೊಂಡು ಇಳಿದುಹೋಗುತ್ತದೆ. ಸುತ್ತಲಿನ ಪುಡಿಯ ಸತ್ವ ಅಲ್ಲೇ ಉಳಿಯುತ್ತದೆ. ಬಿಲ್ಲೆ ಇದ್ದರೆ ನೀರು ಸಮನಾಗಿ ಹರಡುತ್ತದೆ. ಹಾಗೆಂದು ಒತ್ತಿ ಕೂರಿಸಿದರೆ ಹನಿ ಕಟ್ಟುತ್ತದೆ. ಕೆಲವೊಮ್ಮೆ ಕೆಳಗಿನ ಪಾತ್ರೆಯ ಗಾಳಿಗೆ ದಾರಿಯಿಲ್ಲದೆಯೂ ಹನಿ ನಿಲ್ಲುವುದುಂಟು. ಮೇಲಿನದನ್ನು ತುಸು ಎತ್ತಿ ಇಟ್ಟರೆ ಸರಿಹೋಗುತ್ತದೆ.

ಅಮೆರಿಕದಲ್ಲಿರುವ ತಮ್ಮ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. ಇಲ್ಲಿ ಪರವಾನಗಿಯಿಲ್ಲದೆ ಮಾಡಿದರೆ 1949ರ ಪಾನನಿಷೇಧ ಕಾಯ್ದೆಯಡಿ ಅಪರಾಧ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿ ರಸ ಬಸಿಯುತ್ತಾನೆ. ನುಚ್ಚಿಗೆ ಅಂಟಿ ಉಳಿದ ಸಕ್ಕರೆಯನ್ನು 75 ಡಿಗ್ರಿಯ ನೀರು ಚಿಮುಕಿಸಿ ತೊಳೆಯುತ್ತಾನೆ. ಇದಕ್ಕೆ ಸ್ಪಾರ್ಜಿಂಗ್ ಎಂದು ಹೆಸರು. ಚಿಮುಕಿಸು ಎಂಬ ಲ್ಯಾಟಿನ್ ಪದದಿಂದ ಬಂದದ್ದು. ಇದಕ್ಕೆಂದೇ ತಿರುಗುವ ಕೊಳವೆಗಳನ್ನು ಮಾರುತ್ತಾರೆ. ಅವನು ತೂತು ಕೊರೆದ ಒಂದು ತಟ್ಟೆಯಲ್ಲೇ ಕೆಲಸ ಸಾಗಿಸುತ್ತಾನೆ. ವಿಡಿಯೋ ಕಾಲಿನಲ್ಲಿ ನೋಡಿ, "ಅಯ್ಯೋ, ಇದು ನಮ್ಮ ಫಿಲ್ಟರಿನ ಕೊಡೆಯೇ ಅಲ್ಲವೇನೋ!" ಎಂದೆ. ಅತಿಯಾಗಿ ತೊಳೆದರೆ ಸಿಪ್ಪೆಯ ಒಗರು ಇಳಿಯುತ್ತದೆ ಎಂದ. ನಮ್ಮ ಪುಡಿಯೂ ಹಾಗೆಯೇ.

ಅವನೇ ಇನ್ನೊಂದು ಸಂಗತಿ ಹೇಳಿದ. ಹಿಂದೆ ಇಂಗ್ಲೆಂಡಿನಲ್ಲಿ ಮೊದಲ ರಸದಿಂದ ಗಟ್ಟಿ ಬಿಯರ್ ಮಾಡಿ, ಅದೇ ಕಾಳಿಗೆ ಮತ್ತೆ ನೀರು ಹೊಯ್ದು ತೆಳು ಬಿಯರ್ ಮಾಡುತ್ತಿದ್ದರು. ಅದು ಆಳುಗಳಿಗೆ, ಮಕ್ಕಳಿಗೆ.

ನನಗೆ ಅಮ್ಮ ನೆನಪಾದಳು. ಮೊದಲ ಡಿಕಾಕ್ಷನ್ ಅಪ್ಪನಿಗೆ, ಬಂದವರಿಗೆ, ಪರೀಕ್ಷೆಗೆ ಓದುವ ತಮ್ಮನಿಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು ಅಮ್ಮನಿಗೆ. "ನನಗೆ ತೆಳ್ಳಗಿನದೇ ಸೇರುವುದು" ಎನ್ನುತ್ತಿದ್ದಳು. ಮದುವೆಮನೆಗಳಲ್ಲಿ ಅವಳು ಗಟ್ಟಿ ಕಾಫಿಯನ್ನು ಎರಡೆರಡು ಲೋಟ ಕುಡಿಯುವುದನ್ನು ನಾನು ನೋಡಿದ್ದೇನೆ.

ಆದ್ದರಿಂದ ಫಿಲ್ಟರ್ ಕೊಳ್ಳುವಾಗ ಲೋಹಕ್ಕಿಂತ ಮೊದಲು ಅಳತೆ ನೋಡಿ. ಮನೆಯಲ್ಲಿ ಕಾಫಿ ಕುಡಿಯುವವರನ್ನೆಲ್ಲ ಎಣಿಸಿ. ಕಾಫಿ ಮಾಡುವವಳನ್ನೂ, ಪಾತ್ರೆ ತೊಳೆಯಲು ಬರುವವಳನ್ನೂ ಬಿಡಬೇಡಿ. ಅಷ್ಟೂ ಲೋಟಗಳಿಗೆ ಮೊದಲ ಡಿಕಾಕ್ಷನ್ನೇ ಸಾಲುವಂಥ ಫಿಲ್ಟರ್ ತನ್ನಿ. ಪುಡಿ ತುಸು ಹೆಚ್ಚು ಖರ್ಚಾಗುತ್ತದೆ, ಆಗಲಿ.